ಕ್ವಾಂಟಂ ಪಾಯಿಂಟ್ ಕಾಂಟ್ಯಾಕ್ಟ್: ಕರೆಂಟ್ ಎರಡು ಮಟ್ಟಗಳ ನಡುವೆ ಜಿಗಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಗ್ಯಾಲಿಯಂ ಆರ್ಸೆನೈಡ್ ಸ್ಯಾಂಪಲ್, ಮೇಲೆ ಸ್ಪ್ಲಿಟ್ ಗೇಟ್ (ನಡುವೆ ಸಣ್ಣ ಸಂದು ಬಿಟ್ಟ ಎರಡು ಲೋಹದ ಗೇಟ್; ನೆಗೆಟಿವ್ ವೋಲ್ಟೇಜ್ ಕೊಟ್ಟರೆ ಕೆಳಗೆ ಎಲೆಕ್ಟ್ರಾನ್ ಹರಿಯುವ ಕಿರಿದಾದ ಚಾನೆಲ್ ಉಳಿಯುತ್ತದೆ, ಅದೇ ಕ್ವಾಂಟಂ ಪಾಯಿಂಟ್ ಕಾಂಟ್ಯಾಕ್ಟ್), 1.5 ಕೆಲ್ವಿನ್. ಗೇಟ್ ವೋಲ್ಟೇಜ್ ಬದಲಿಸಿದಂತೆ ಕಂಡಕ್ಟೆನ್ಸ್ (ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬ ಅಳತೆ) ಮೆಟ್ಟಿಲು ಮೆಟ್ಟಿಲಾಗಿ ಚೆನ್ನಾಗೇ ಬರುತ್ತಿದೆ. ಆದರೆ ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಇಳಿಯುವ ಜಾಗದಲ್ಲಿ ಗೇಟ್ ಮುಟ್ಟದೆ ಸುಮ್ನೆ ಬಿಟ್ಟರೂ ಕರೆಂಟ್ ಟಕ್ ಅಂತ ಕೆಳಗೆ ಬೀಳುತ್ತದೆ, ಮೂರ್ನಾಲ್ಕು ಸೆಕೆಂಡ್ ಅಲ್ಲೇ ಕೂತು ಮತ್ತೆ ಮೇಲೆ ಹೋಗುತ್ತದೆ. ಕೇಬಲ್ ಬದಲಿಸಿದೆ, ಗ್ರೌಂಡ್ ಲೂಪ್ ಬಿಡಿಸಿದೆ, ಪ್ರೀಆಂಪ್ (ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಕೂಡ ಬೇರೆ ಹಾಕಿದೆ. ಎರಡು ವಾರ ಹೋಯಿತು.

ಉತ್ತರ:
ಮೆಟ್ಟಿಲಿನ ಮೇಲೆ ನಿಲ್ಲಿಸಿದರೆ ಹೇಗಿದೆ?

ಪ್ರಶ್ನೆ ಕೇಳಿದವರು:
ಅಲ್ಲಿ ಜಿಗಿತವೇ ಇಲ್ಲ. 12.9 ಕಿಲೋಓಮ್‌ನಲ್ಲಿ ಗೆರೆ ಎಳೆದ ಹಾಗಿದೆ.

ಉತ್ತರ:
ಹಾಗಾದರೆ ಕೇಬಲ್ ಬಿಟ್ಟುಬಿಡಿ. ಆಂಪ್ಲಿಫೈಯರ್ ತಪ್ಪಾಗಿದ್ದರೆ ಮೆಟ್ಟಿಲಿನ ಮೇಲೂ ಜಿಗಿಯಬೇಕಿತ್ತು, ಅಲ್ವಾ? ಇದು ಸ್ಯಾಂಪಲ್ ಒಳಗಿನದು. ಚಾನೆಲ್ ಹತ್ತಿರದ ಒಂದು ಸಿಲಿಕಾನ್ ಡೋನರ್ (ಎಲೆಕ್ಟ್ರಾನ್ ಒದಗಿಸಲು ಬೆರೆಸಿದ ಪರಮಾಣು) ಮೇಲೆ ಎಲೆಕ್ಟ್ರಾನ್ ಬಂದು ಕೂರುತ್ತದೆ, ಎದ್ದು ಹೋಗುತ್ತದೆ. ಅದು ಕೂತಾಗ ಗೇಟನ್ನು ಒಂಚೂರು ಜಾಸ್ತಿ ನೆಗೆಟಿವ್ ಮಾಡಿದಂತೆಯೇ. ಮೆಟ್ಟಿಲಿನ ಮೇಲೆ ಗೇಟ್ ಅಲ್ಲಾಡಿದರೂ ಕರೆಂಟ್ ಬದಲಾಗುವುದಿಲ್ಲ, ಅದಕ್ಕೇ ಅಲ್ಲಿ ಕಾಣುವುದಿಲ್ಲ. ಇಳಿಜಾರಿನಲ್ಲಿ ಒಂದೇ ಒಂದು ಎಲೆಕ್ಟ್ರಾನ್ ಸಾಕು.

ಖಚಿತ ಮಾಡಿಕೊಳ್ಳಲು ಜಿಗಿತದ ಎತ್ತರವನ್ನು ಆ ಜಾಗದ ಇಳಿಜಾರಿನಿಂದ (ಗೇಟ್ ಒಂದು ಮಿಲಿವೋಲ್ಟ್ ಬದಲಾದರೆ ಕರೆಂಟ್ ಎಷ್ಟು ಬದಲಾಗುತ್ತದೋ ಅದರಿಂದ) ಭಾಗಿಸಿ. ಬೇರೆ ಬೇರೆ ಇಳಿಜಾರಿನಲ್ಲೂ ಸುಮಾರು ಅಷ್ಟೇ ಮಿಲಿವೋಲ್ಟ್ ಬಂದರೆ ಅದೇ ಟ್ರ್ಯಾಪ್ (ಎಲೆಕ್ಟ್ರಾನ್ ಬಂದು ಸಿಕ್ಕಿಕೊಳ್ಳುವ ಆ ಜಾಗ) ಇರಬೇಕು. ಶಾಟ್ ನಾಯ್ಸ್ (ಎಲೆಕ್ಟ್ರಾನ್‌ಗಳು ಒಂದೊಂದಾಗಿ ಹರಿಯುವುದರಿಂದ ಕರೆಂಟಿನಲ್ಲಿ ಬರುವ ಏರಿಳಿತ) ಕೂಡ ಮೆಟ್ಟಿಲಿನ ಮೇಲೆ ಅಡಗುತ್ತದೆ, ಆದರೆ ಅದು ಸಣ್ಣ ಗುಂಯ್‌ಗುಟ್ಟುವಿಕೆ. ಹೀಗೆ ಎರಡೇ ಮಟ್ಟಗಳ ನಡುವೆ ಓಡಾಡುವುದಿಲ್ಲ.

ಈಗ ಪರಿಹಾರ. ಸ್ಯಾಂಪಲ್ಲನ್ನು ಕೋಣೆಯ ತಾಪಕ್ಕೆ ತನ್ನಿ, ಗೇಟ್‌ಗೆ ಪ್ಲಸ್ 0.25 ವೋಲ್ಟ್ ಕೊಟ್ಟು ಹಾಗೇ ತಣಿಸಿ. ಡೋನರ್ ಪದರದಲ್ಲಿ ಎಲೆಕ್ಟ್ರಾನ್‌ಗಳು ಹೆಪ್ಪುಗಟ್ಟಿ ನಿಲ್ಲುತ್ತವೆ. ಅವೇ ಒಂದಷ್ಟು ನೆಗೆಟಿವ್ ಗೇಟಿನ ಕೆಲಸ ಮಾಡುವುದರಿಂದ ಆಮೇಲೆ ಚಾನೆಲ್ ಮುಚ್ಚಲು ಅಷ್ಟು ನೆಗೆಟಿವ್ ವೋಲ್ಟೇಜ್ ಬೇಕಾಗುವುದಿಲ್ಲ. ಗೇಟಿನಿಂದ ಸೋರಿ ಬಂದು ಟ್ರ್ಯಾಪ್ ತುಂಬುವ ಎಲೆಕ್ಟ್ರಾನ್‌ಗಳೂ ಕಡಿಮೆಯಾಗುತ್ತವೆ. ಬಿಸಿಯಿರುವಾಗ ಪ್ಲಸ್ ವೋಲ್ಟೇಜ್‌ಗೆ ಗೇಟ್ ಸೋರುತ್ತದೆ. ಸರಣಿಯಲ್ಲಿ ದೊಡ್ಡ ರೆಸಿಸ್ಟರ್ ಹಾಕಿ, ಲೀಕೇಜ್ ಕರೆಂಟ್ ನೋಡುತ್ತಾ ನಿಧಾನಕ್ಕೆ ಏರಿಸಿ. ಚಾನೆಲ್‌ನ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚಲಿ ಅಂತ ಎಲ್‌ಇಡಿ ಬೆಳಕು ಮಾತ್ರ ಬಿಡಬೇಡಿ, ಜಿಗಿತ ಇನ್ನೂ ಜಾಸ್ತಿಯಾಗಬಹುದು.

ಪ್ರಶ್ನೆ ಕೇಳಿದವರು:
ಮಾಡಿದೆ. ಮೊದಲು ಮೈನಸ್ 1.1 ವೋಲ್ಟ್‌ಗೆ ಮುಚ್ಚುತ್ತಿದ್ದ ಚಾನೆಲ್ ಈಗ ಮೈನಸ್ 0.85ಕ್ಕೇ ಮುಚ್ಚುತ್ತಿದೆ. ಅರ್ಧ ಗಂಟೆ ಇಳಿಜಾರಿನಲ್ಲೇ ಕಾದೆ, ಜಿಗಿದದ್ದು ಒಂದೇ ಸಲ. ತುಂಬಾ ಥ್ಯಾಂಕ್ಸ್!

ಉತ್ತರ:
ಖುಷಿಯಾಯಿತು. ಗೇಟ್ ಬದಲಿಸಿದ ಮೇಲೆ ಕೆಲವು ನಿಮಿಷ ಬಿಟ್ಟು ಅಳೆಯಿರಿ, ಉಳಿದದ್ದೂ ಕಡಿಮೆಯಾಗಬಹುದು.