ಪದಚರ್ಚೆ: ‘ಸರ್ವರ್ ಡೌನ್’ ಎಂಬುದನ್ನು ಫಲಕದಲ್ಲಿ ಹೇಗೆ ಬರೆಯಬೇಕು?

ಹೊಸನಗರದಿಂದ:

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನಲ್ಲಿ ಫಲಕ ಬರೆಯುವ ಮತ್ತು ಡಿಟಿಪಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡವನು. ನಮ್ಮ ಹೋಬಳಿಯ ನಾಡಕಚೇರಿಯವರು ಎರಡು ಮುಖದ ತೂಗುಫಲಕವೊಂದನ್ನು ಬರೆಯಲು ಕೊಟ್ಟಿದ್ದಾರೆ. ಒಂದು ಮುಖದಲ್ಲಿ ‘ಅರ್ಜಿ ಸ್ವೀಕರಿಸಲಾಗುತ್ತಿದೆ’ ಎಂದು ಬರೆದು ಮುಗಿದಿದೆ. ಇನ್ನೊಂದು ಮುಖಕ್ಕೆ ‘ಸರ್ವರ್ ಡೌನ್’ ಎಂಬುದು ಬರಬೇಕು. ಆದರೆ ಅದು ಕನ್ನಡದಲ್ಲಿಯೇ ಇರಲಿ ಎಂದು ಅಲ್ಲಿಯ ಉಪ ತಹಶೀಲ್ದಾರರು ತಿಳಿಸಿದ್ದಾರೆ. ಶುಕ್ರವಾರದೊಳಗೆ ಕೊಡಬೇಕಾಗಿದೆ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. ಹಿಂದೆ ಯಾರೋ ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ‘ಸರ್ವರ್ ಕೆಳಗಿದೆ’ ಎಂದು ಹಾಳೆಯ ಮೇಲೆ ಮುದ್ರಿಸಿ ಬಾಗಿಲಿಗೆ ಅಂಟಿಸಿದ್ದರು. ಕಚೇರಿ ಇರುವುದು ಮಹಡಿಯ ಮೇಲೆ, ಕೆಳಗಿರುವುದು ಹೋಟೆಲು. ಜಾತಿ ಪ್ರಮಾಣಪತ್ರಕ್ಕೆಂದು ಬಂದಿದ್ದ ವೃದ್ಧೆಯೊಬ್ಬರು ಮೆಟ್ಟಿಲಿಳಿದು ಹೋಗಿ, ಲೋಟ ಜೋಡಿಸುತ್ತಿದ್ದ ಮಾಣಿಯ ಮುಂದೆ ಪಡಿತರ ಚೀಟಿ ಮತ್ತು ಆಧಾರ್ ಪ್ರತಿಯನ್ನು ಹಿಡಿದು ನಿಂತಿದ್ದನ್ನು ನಾನೇ ನೋಡಿದ್ದೇನೆ. ಅವರು ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಫಲಕದ ಅಳತೆ ಎರಡು ಅಡಿಗೆ ಒಂದು ಅಡಿ; ದೂರದಿಂದ ಕಾಣುವ ಅಕ್ಷರದಲ್ಲಿ ಮೂರು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.

ಶಿವಮೊಗ್ಗದಿಂದ:

‘ಪರಿಚಾರಕ ಗಣಕವು ತಾತ್ಕಾಲಿಕವಾಗಿ ಸ್ಥಗಿತಗೊಂಡಿದೆ’ ಎಂದು ಬರೆಯಿರಿ. ‘ಸರ್ವರ್’ ಎಂಬುದರ ಧಾತುವೂ ನಮ್ಮ ‘ಸೇವ್’ ಧಾತುವೂ ಒಂದೇ ಆಗಿರುವುದರಿಂದ ‘ಸೇವಕ ಗಣಕ’ ಎಂದರೂ ಸಲ್ಲುತ್ತದೆ. ಸಂಸ್ಕೃತದಲ್ಲಿ ಸಿದ್ಧವಾಗಿರುವ ಪದಗಳನ್ನು ಬಿಟ್ಟು ಹೊಸದನ್ನು ಹುಡುಕುವ ಅಗತ್ಯವಿಲ್ಲ.

ತೀರ್ಥಹಳ್ಳಿಯಿಂದ:

ಒಂದೇ ಅಲ್ಲ. ಇಂಗ್ಲಿಷಿನ ಆ ಪದ ಲ್ಯಾಟಿನ್ನಿನ ‘ಸೆರ್ವುಸ್’, ಅಂದರೆ ತೊತ್ತು, ಎಂಬುದರಿಂದ ಬಂದದ್ದು. ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ವ್ಯುತ್ಪತ್ತಿ ಆಗುವುದಿಲ್ಲ. ‘ಸ್ಥಗಿತಗೊಂಡಿದೆ’ ಎಂಬುದನ್ನು ಸರತಿಯಲ್ಲಿ ನಿಂತವರಲ್ಲಿ ಎಷ್ಟು ಜನ ಓದಿಯಾರು ಎಂಬ ಪ್ರಶ್ನೆಯನ್ನು ಬೇರೆಯಾಗಿ ಕೇಳಬೇಕಾಗಿದೆ.

ಸೊರಬದಿಂದ:

ಕನ್ನಡದ್ದೇ ಬೇರು ಇರುವಾಗ ಲ್ಯಾಟಿನ್ನಾದರೇನು, ಸಂಸ್ಕೃತವಾದರೇನು? ಹಳಗನ್ನಡದಲ್ಲಿ ‘ಓಲಗಿಸು’ ಎಂದರೆ ಸೇವೆ ಮಾಡು ಎಂದು ಅರ್ಥ. ಅದರಿಂದ ‘ಓಲಗಿಗ’ ಎಂದು ಕಟ್ಟಬಹುದು. ‘ಊಳಿಗದ ಎಣ್ಣುಕ’ ಎಂದರೆ ಇನ್ನೂ ತಿಳಿ, ಏಕೆಂದರೆ ಗಣಕಕ್ಕೆ ‘ಎಣ್ಣುಕ’ ಎಂಬುದು ಈಗಾಗಲೇ ಕೆಲವರ ಬಳಕೆಯಲ್ಲಿದೆ. ‘ಊಳಿಗದ ಎಣ್ಣುಕ ನಿಂತಿದೆ’ ಎಂದು ಬರೆಯಿರಿ. ಎರಡು ಅಡಿಯಲ್ಲಿ ಹಿಡಿಯುತ್ತದೆ. ಕಡವನ್ನೇ ಬಂಡವಾಳ ಮಾಡಿಕೊಂಡ ನುಡಿ ಉಳಿಯುವುದಿಲ್ಲ. ‘ಗ್ರಾಮ ಒನ್’ ಎಂದು ಸರ್ಕಾರವೇ ಹೆಸರಿಟ್ಟಿದೆಯಲ್ಲ, ಅಲ್ಲಿಯ ‘ಒನ್’ ಯಾವ ವಿಭಕ್ತಿ ಎಂದು ಯಾರಾದರೂ ಹೇಳಬಲ್ಲಿರಾ?

ಸಾಗರದಿಂದ:

ಮಾನ್ಯರೇ,

ಕಂದಾಯ ಇಲಾಖೆಯಲ್ಲಿ ಕೈಬರಹದ ಪಹಣಿಯ ಕಾಲದಿಂದ ಗಣಕದ ಕಾಲದವರೆಗೆ ಕೆಲಸ ಮಾಡಿ ನಿವೃತ್ತನಾದವನು ನಾನು. ಆ ಅನುಭವದ ಮೇಲೆ ಎರಡು ಮಾತು ಹೇಳುತ್ತೇನೆ.

‘ಓಲಗಿಗ’ದ ವಿಚಾರ ಮೊದಲು ಮುಗಿಸೋಣ. ಸೊರಬದ ಮಿತ್ರರು ಹೇಳಿದ ಹಳಗನ್ನಡದ ಅರ್ಥ ಸರಿಯಾಗಿಯೇ ಇದೆ. ಆದರೆ ನಮ್ಮ ಸೀಮೆಯಲ್ಲಿ ಓಲಗವೆಂದರೆ ಇಂದು ಮದುವೆ ಮನೆಯ ವಾದ್ಯ. ‘ಓಲಗ ನಿಂತಿದೆ’ ಎಂದು ಓದಿದವರು ಊಟಕ್ಕೆ ಎಲೆ ಹಾಕಿರಬೇಕು ಎಂದುಕೊಂಡಾರು.

ಕಡದ ಬಗ್ಗೆ ಅವರಿಗಿರುವ ಸಿಟ್ಟು ನನಗೆ ಅರ್ಥವಾಗುತ್ತದೆಯಾದರೂ, ನಾಡಕಚೇರಿಯೊಳಗೆ ನಡೆಯುವುದನ್ನು ಒಂದು ವಾಕ್ಯದಲ್ಲಿ ಹೇಳಿ ನೋಡಲಿ: ಅರ್ಜಿ ಕೊಟ್ಟು, ಸಹಿ ಹಾಕಿ, ಮೊಹರು ಒತ್ತಿಸಿ, ರಸೀದಿ ಪಡೆಯುವುದು. ಇದರಲ್ಲಿ ಅರ್ಜಿ, ಸಹಿ, ಮೊಹರು, ರಸೀದಿ ನಾಲ್ಕೂ ಅರಬ್ಬಿ–ಫಾರಸಿಯ ದಾರಿಯಿಂದ ಬಂದ ಪದಗಳು. ‘ಕಚೇರಿ’ಯೂ ಹೊರಗಿನದು, ತಹಶೀಲ್ದಾರರಂತೂ ಹೇಳುವುದೇ ಬೇಡ. ಆದರೆ ಕೊಡು, ಹಾಕು, ಒತ್ತು, ಪಡೆ ಎಂಬ ನಾಲ್ಕು ಕ್ರಿಯೆಗಳೂ ಅಚ್ಚಗನ್ನಡ. ವಾಕ್ಯವನ್ನು ಕನ್ನಡವಾಗಿ ನಿಲ್ಲಿಸಿರುವುದು ಆ ಕ್ರಿಯಾಪದಗಳು. ನಾಮಪದವನ್ನು ಯಾವ ಸಂತೆಯಿಂದ ಬೇಕಾದರೂ ತಂದುಕೊಳ್ಳುವುದು, ಕ್ರಿಯಾಪದವನ್ನು ಮಾತ್ರ ಮನೆಯಲ್ಲೇ ಮಾಡಿಕೊಳ್ಳುವುದು ನಮ್ಮ ಭಾಷೆಯ ಹಳೆಯ ರೂಢಿ. ಆದ್ದರಿಂದ ಈ ಫಲಕದಲ್ಲಿ ಕೆಡುಕಾಗಿರುವುದು ‘ಸರ್ವರ್’ ಅಲ್ಲ, ‘ಡೌನ್’. ನೀವೆಲ್ಲರೂ ಮೂರು ದಿನದಿಂದ ತಪ್ಪು ಪದವನ್ನು ಹಿಡಿದು ಜಗ್ಗುತ್ತಿದ್ದೀರಿ.

ಪದದ ಅರ್ಥವನ್ನು ಬೇರು ಕಾಯುವುದಿಲ್ಲ, ಬಳಕೆ ಕಾಯುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಕೆಳದಿಯಲ್ಲಿಯೇ ಇದೆ. ‘ಶಿವಪ್ಪನಾಯಕನ ಶಿಸ್ತು’ ಎಂದರೆ 17ನೆಯ ಶತಮಾನದಲ್ಲಿ ಅವನು ಮಾಡಿದ ಭೂಕಂದಾಯದ ನಿಗದಿ. ಇಂದು ಶಿಸ್ತು ಎಂದರೆ ಮಕ್ಕಳು ಸಾಲಿನಲ್ಲಿ ನಿಲ್ಲುವುದು. ಅದೇ ರೀತಿ ಹೋಟೆಲಿನ ಸರ್ವರ್ ಬೇರೆ, ಕಚೇರಿಯ ಸರ್ವರ್ ಬೇರೆ ಎಂಬುದು ಜನರಿಗೆ ಚೆನ್ನಾಗಿಯೇ ಗೊತ್ತಿದೆ; ಆ ಅಜ್ಜಿ ದಾರಿ ತಪ್ಪಿದ್ದು ‘ಕೆಳಗಿದೆ’ ಎಂಬ ಪದದಿಂದ.

ಇನ್ನು ಜನರು ಏನೆನ್ನುತ್ತಾರೆ ಎಂಬುದನ್ನು ಗಮನಿಸಬೇಕು. ‘ಸರ್ವರ್ ಬಂತಾ?’, ‘ಬೆಳಗ್ಗೆ ಇತ್ತು, ಈಗ ಹೋಯಿತು’, ‘ಇವತ್ತು ಸರ್ವರ್ ಇಲ್ಲ.’ ಕರೆಂಟು, ಬಸ್ಸು, ಮಳೆ ಇವುಗಳ ಸಾಲಿಗೆ ಸರ್ವರನ್ನೂ ಸೇರಿಸಿಬಿಟ್ಟಿದ್ದಾರೆ: ತಾನಾಗಿ ಬರುವುದು, ತಾನಾಗಿ ಹೋಗುವುದು. ಬಳಕೆ ಸೊಗಸಾಗಿದೆ, ಆದರೆ ಆಡಳಿತದ ಕಣ್ಣಿನಿಂದ ನೋಡಿದರೆ ಅದರಲ್ಲೊಂದು ತೊಡಕಿದೆ. ಆಷಾಢದ ಗಾಳಿಗೆ ಮರ ಬಿದ್ದು ತಂತಿ ತುಂಡಾದರೂ ಸರ್ವರ್ ಇಲ್ಲ. ಕರೆಂಟು ಹೋಗಿ ಯುಪಿಎಸ್ ಬರಿದಾದರೂ ಸರ್ವರ್ ಇಲ್ಲ. ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ದುರಸ್ತಿ ನಡೆದರೂ ಸರ್ವರ್ ಇಲ್ಲ. ಅಡಿಕೆ ಸುಲಿದು ಚೊಗರು ಹಿಡಿದ ಹೆಬ್ಬೆರಳನ್ನು ಯಂತ್ರ ಒಪ್ಪದಿದ್ದರೂ ‘ಸರ್ವರ್ ತಗೊಳ್ತಿಲ್ಲ’. ನಾಲ್ಕು ಬೇರೆ ಬೇರೆ ಕಾರಣಗಳು, ನಾಲ್ಕಕ್ಕೂ ಬೇರೆ ಬೇರೆ ಹೊಣೆಗಾರರು. ‘ಕೆಟ್ಟಿದೆ’ ಎಂದರೆ ಮೊದಲನೆಯದಕ್ಕೆ ಸುಳ್ಳು, ‘ನಿಂತಿದೆ’ ಎಂದರೆ ಕೊನೆಯದಕ್ಕೆ ಸುಳ್ಳು.

ನಾಲ್ಕಕ್ಕೂ ಸಲ್ಲುವ ಕ್ರಿಯಾಪದ ನಮ್ಮ ಗುಡ್ಡದ ಮೇಲಿನ ಜನರ ಬಾಯಲ್ಲಿ ಸಿದ್ಧವಾಗಿದೆ. ಮನೆಯ ಹಿಂದಿನ ದಿಬ್ಬ ಹತ್ತಿ ಮೊಬೈಲನ್ನು ತಲೆಯ ಮೇಲೆತ್ತಿ ಹಿಡಿದು ‘ಟವರ್ ಸಿಗ್ತಾ ಇಲ್ಲ’ ಎನ್ನುತ್ತಾರಲ್ಲ, ಆ ‘ಸಿಗು’. ‘ಸರ್ವರ್ ಸಿಗುತ್ತಿಲ್ಲ’ ಎಂದು ಬರೆಯಿರಿ. ತಂತಿ ತುಂಡಾದರೂ ಅದು ನಿಜ, ಬೆಂಗಳೂರಿನಲ್ಲಿ ನಿಂತರೂ ನಿಜ.

ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಎರಡನೆಯ ಸಾಲು ಮೊದಲನೆಯದಕ್ಕಿಂತ ಮುಖ್ಯ. ಸಕಾಲ ಅಧಿನಿಯಮ 2011ರದು, ರಾಜ್ಯವಿಡೀ ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಹೇಳಿದ ದಿನದೊಳಗೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ. ಆ ದಿನಗಳ ಲೆಕ್ಕವನ್ನು ಹಿಡಿದು ಕೇಳಲು ಬೇಕಾದದ್ದು ಗಣಕದಿಂದ ಬರುವ ಸಕಾಲ ಸಂಖ್ಯೆ. ಸರ್ವರ್ ಸಿಗದ ದಿನ ಅರ್ಜಿ ದಾಖಲಾಗುವುದಿಲ್ಲ, ಸಂಖ್ಯೆ ಹುಟ್ಟುವುದಿಲ್ಲ. ಹತ್ತು ಮೈಲಿ ದೂರದಿಂದ ಕೂಲಿ ಬಿಟ್ಟು ಬಂದವರು ಬಂದೇ ಇಲ್ಲ ಎಂದಾಗುತ್ತದೆ. ಆದ್ದರಿಂದ ‘ಅರ್ಜಿಯನ್ನು ಕೊಟ್ಟು, ದಿನಾಂಕ ಹಾಕಿದ ಚೀಟಿ ಪಡೆಯಿರಿ’ ಎಂಬುದು ಅಲ್ಲಿ ಇರಲೇಬೇಕು. ಇದಕ್ಕೆ ಉಪ ತಹಶೀಲ್ದಾರರು ಒಪ್ಪುತ್ತಾರೆಯೇ ಎಂದು ಕೇಳಿಕೊಂಡು ಬರೆಯಿರಿ. ಒಪ್ಪದಿದ್ದರೆ ನೀವು ಎಷ್ಟು ಒಳ್ಳೆಯ ಕನ್ನಡ ಬರೆದರೂ ಅದು ಬಾಗಿಲು ಮುಚ್ಚಿದೆ ಎಂದು ಹೇಳಿದಂತೆಯೇ ಸರಿ.

ಸೊರಬದಿಂದ:

ನಾಮಪದವನ್ನು ಬಿಟ್ಟುಕೊಟ್ಟು ಕ್ರಿಯಾಪದವನ್ನು ಉಳಿಸಿಕೊಂಡೆವು ಎನ್ನುವುದು, ಗದ್ದೆ ಮಾರಿ ಬದು ಉಳಿಸಿಕೊಂಡೆ ಎಂದಂತೆ. ನಾಲ್ಕು ಫಾರಸಿ ಪದಗಳು ಬಂದಿವೆ ಎಂಬುದು ಐದನೆಯದಕ್ಕೆ ರಹದಾರಿಯಲ್ಲ. ಊರಿನ ಹೆಸರನ್ನೇ 2014ರ ನವೆಂಬರ್ 1ರಂದು ಶಿಮೊಗದಿಂದ ಶಿವಮೊಗ್ಗಕ್ಕೆ ತಿರುಗಿಸಲು ಆಗಿರುವಾಗ ಒಂದು ಸರ್ವರನ್ನು ತಿರುಗಿಸಲು ಆಗುವುದಿಲ್ಲವೇ?

ಸಾಗರದಿಂದ:

ಅಂದು ತಿರುಗಿದ್ದು ಇಂಗ್ಲಿಷಿನ ಕಾಗುಣಿತ. ಕನ್ನಡದಲ್ಲಿ ಅದು ಮೊದಲೂ ಶಿವಮೊಗ್ಗವೇ ಆಗಿತ್ತು. ನಿಮ್ಮ ‘ರಹದಾರಿ’ಯೂ ಫಾರಸಿ.

ತೀರ್ಥಹಳ್ಳಿಯಿಂದ:

‘ಸಿಗುತ್ತಿಲ್ಲ’ ಎಂಬುದನ್ನು ಒಪ್ಪುತ್ತೇನೆ. ಆದರೆ ಸಾಗರದವರು ಹೇಳಿದ ಸೂತ್ರವನ್ನು ಅಷ್ಟು ಬೀಸಾಗಿ ಒಪ್ಪಲಾರೆ. ಸಂಸ್ಕೃತದ ಧಾತುಗಳಿಗೆ ‘ಇಸು’ ಹಚ್ಚಿಕೊಂಡು ‘ಸ್ವೀಕರಿಸು’, ‘ಪರಿಶೀಲಿಸು’ ಎಂದು ಕ್ರಿಯಾಪದಗಳನ್ನೂ ನಾವು ಧಾರಾಳವಾಗಿ ತಂದುಕೊಂಡಿದ್ದೇವೆ. ಫಲಕದ ಮೊದಲ ಮುಖದಲ್ಲಿಯೇ ‘ಸ್ವೀಕರಿಸಲಾಗುತ್ತಿದೆ’ ಇದೆ. ನಾನು ಬರೆಯುವುದಾಗಿದ್ದರೆ ಅಲ್ಲಿಯೂ ‘ಅರ್ಜಿ ತೆಗೆದುಕೊಳ್ಳುತ್ತೇವೆ’ ಎಂದು ಬರೆಯುತ್ತಿದ್ದೆ. ಕರ್ಮಣಿ ಪ್ರಯೋಗದಲ್ಲಿ ತೆಗೆದುಕೊಳ್ಳುವವರು ಯಾರೆಂದು ತಿಳಿಯುವುದಿಲ್ಲ.

ಸಾಗರದಿಂದ:

‘ಇಸು’ ಕನ್ನಡದ್ದೇ ಪ್ರತ್ಯಯ. ಮನೆಯಲ್ಲೇ ಮಾಡಿಕೊಳ್ಳುವುದು ಎಂದು ನಾನು ಹೇಳಿದ್ದು ಅದನ್ನೇ. ಕರ್ಮಣಿಯ ಬಗ್ಗೆ ನೀವು ಹೇಳಿದ್ದು ಸರಿ. ಮೂವತ್ತು ವರ್ಷ ‘ಪರಿಶೀಲಿಸಲಾಗುವುದು’ ಎಂದು ಬರೆದ ಕೈ ನನ್ನದು.

ಹೊಸನಗರದಿಂದ:

ಮಾನ್ಯರೆಲ್ಲರಿಗೂ ವಂದನೆಗಳು. ಉಪ ತಹಶೀಲ್ದಾರರು ಚೀಟಿಯ ವಿಚಾರಕ್ಕೆ ಮೊದಲು ಹಿಂಜರಿದರು. ಬಳಿಕ, ಹೇಗೂ ಅರ್ಜಿಗಳನ್ನು ಮೇಜಿನ ಮೇಲೆ ಇರಿಸಿಕೊಳ್ಳುತ್ತಿದ್ದೇವೆ, ದಿನಾಂಕದ ಮೊಹರು ಒತ್ತಿದರೆ ನಷ್ಟವೇನು ಎಂದು ತಾವೇ ಹೇಳಿ ಒಪ್ಪಿದರು. ಮೊದಲ ಮುಖವನ್ನು ತಿದ್ದಲು ಸಮಯವಿರಲಿಲ್ಲ. ಎರಡನೆಯ ಮುಖದಲ್ಲಿ ನೀಲಿಯ ಮೇಲೆ ಬಿಳಿ ಬಣ್ಣದಲ್ಲಿ ಹೀಗೆ ಬರೆದು, ನಿನ್ನೆ ಸಂಜೆ ತೂಗುಹಾಕಿ ಬಂದಿದ್ದೇನೆ:

ಸರ್ವರ್ ಸಿಗುತ್ತಿಲ್ಲ
ಅರ್ಜಿ ಕೊಟ್ಟು, ದಿನಾಂಕದ ಚೀಟಿ ಪಡೆಯಿರಿ
ನಾಡಕಛೇರಿ

ಶಿವಮೊಗ್ಗದಿಂದ:

‘ಕಛೇರಿ’ ತಪ್ಪು. ‘ಕಚೇರಿ’ ಎಂದಿರಬೇಕು. ಇಲ್ಲಿ ಇಷ್ಟು ಜನರು ಅಷ್ಟು ಸಲ ಸರಿಯಾಗಿ ಬರೆದಿದ್ದೆವು.

ಹೊಸನಗರದಿಂದ:

ನಾನೂ ಮೊದಲ ಪತ್ರದಲ್ಲಿ ಸರಿಯಾಗಿಯೇ ಬರೆದಿದ್ದೆ. ಕುಂಚ ಹಿಡಿದಾಗ ಕೈ ಹಳೆಯ ರೂಢಿಗೆ ಹೋಯಿತು. ಬಣ್ಣ ಒಣಗಿದೆ. ಸೋಮವಾರ ಏಣಿ ತೆಗೆದುಕೊಂಡು ಹೋಗುತ್ತೇನೆ.