ಅಪ್ಪನ ಡಾರ್ಕ್‌ರೂಮ್ ಕೈಚಳಕವನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ಡೊಂಬಿವಲಿ):
ಮುಂಬೈನ ಮಾಟುಂಗಾದಲ್ಲಿ ಅಪ್ಪ ನಡೆಸುತ್ತಿದ್ದ ಫೋಟೊ ಸ್ಟುಡಿಯೊ ಮುಚ್ಚಿ ಬಹಳ ವರ್ಷಗಳಾದವು. ಎನ್‌ಲಾರ್ಜರ್ (ನೆಗೆಟಿವ್‌ನ ಚಿತ್ರವನ್ನು ದೊಡ್ಡದಾಗಿ ಕಾಗದದ ಮೇಲೆ ಬೀಳಿಸುವ ಯಂತ್ರ), ಟ್ರೇಗಳು, ಕೆಂಪು ಬಲ್ಬು ಎಲ್ಲವೂ ಮನೆಯಲ್ಲಿವೆ. ಅವರಿಗೀಗ 78. ಪ್ರಿಂಟ್ ಮಾಡುವಾಗ ಮುಖ ಕಪ್ಪಾಗದಂತೆ ಬೆಳಕಿಗೆ ಅಂಗೈ ಅಡ್ಡ ಹಿಡಿದು ಆಡಿಸುತ್ತಿದ್ದರು. ಕೈ ಕ್ಷಣ ನಿಂತರೂ ಗೆರೆ ಮೂಡುತ್ತದೆ ಎನ್ನುತ್ತಿದ್ದರು. ಇದನ್ನು ದಾಖಲಿಸುವುದು ಹೇಗೆ? ಡಾರ್ಕ್‌ರೂಮ್ ಎಂಬ ಆ ಕತ್ತಲ ಕೋಣೆಯೊಳಗೆ ಮೊಬೈಲ್ ತೆರೆದರೆ ಅದರ ಬೆಳಕಿಗೆ ಫೋಟೊ ಕಾಗದವೇ ಹಾಳಾಗುತ್ತದೆ.

ಉತ್ತರ (ಪುಣೆ):
ಕಾಗದವಿಲ್ಲದೆ, ದೀಪ ಹಾಕಿಯೇ ಅದೇ ಕೈಚಲನೆ ಮಾಡಿಸಿ ವಿಡಿಯೊ ತೆಗೆಯಿರಿ. ಅವರು ಸೆಕೆಂಡು ಎಣಿಸುವ ದನಿ ಖಂಡಿತ ಇರಲಿ.

ಉತ್ತರ (ಮಡಗಾಂವ್):
ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಬೆರೆಸುವುದನ್ನೂ ದಾಖಲಿಸಲು ಬಿಡಬೇಡಿ. ಫಿಲ್ಮ್‌ಗೆ ಬಳಸುವ ಡಿ-76 ಎಂಬ ಡೆವಲಪರ್‌ಗೆ ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೊಕ್ವಿನೋನ್ 5, ಬೊರಾಕ್ಸ್ 2. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಮೆಟಾಲ್ ಸುಲಭವಾಗಿ ಕರಗುವುದಿಲ್ಲ, ಅದು ಮೊದಲು. ಫಿಲ್ಮ್ ಎಷ್ಟು ಹೊತ್ತು ಅದರಲ್ಲಿರಬೇಕು ಎಂಬ ಪುಸ್ತಕದ ಲೆಕ್ಕ 20 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ, ನಾನು ಬಾಟಲಿಯನ್ನು ಐಸ್ ನೀರಿನ ಬೋಗುಣಿಯಲ್ಲಿ ಇಡುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ವಿಡಿಯೊ ತೆಗೆದೆ. ಗಿರಾಕಿಗಳೊಡನೆ ಆಯುಷ್ಯವಿಡೀ ಮರಾಠಿ ಮಾತಾಡಿದ ಅಪ್ಪ, ‘ಒಂದು... ಎರಡು...’ ಎಂದು ಕನ್ನಡದಲ್ಲೇ ಎಣಿಸಿದರು. ಹನ್ನೊಂದಕ್ಕೆ ಕೈ ತೆಗೆದರು. ಗಡಿಯಾರ ನೋಡಿದೆ, ಸರಿಯಾಗಿ 11 ಸೆಕೆಂಡು.