ಪದ ಬೇಕಾಗಿದೆ: ‘ಇಂಪ್ಲೈಡ್ ಎಂಡ್ ಟ್ಯಾಗ್’ (ಇಂದು ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಎಚ್‌ಟಿಎಂಎಲ್ (ವೆಬ್ ಪುಟಗಳನ್ನು ಬರೆಯುವ ಭಾಷೆ) ಪಾಠವೊಂದರ ಅನುವಾದವನ್ನು ಇಂದು ಸಂಜೆ ಒಪ್ಪಿಸಬೇಕು. ‘ಇಂಪ್ಲೈಡ್ ಎಂಡ್ ಟ್ಯಾಗ್’ ಎಂಬಲ್ಲಿಗೆ ಬಂದು ಕೈ ನಿಂತಿದೆ. ಸಂದರ್ಭ ಹೀಗಿದೆ (ಟ್ಯಾಗುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ; ಯುಎಲ್ ಎಂದರೆ ಪಟ್ಟಿ, ಎಲ್‌ಐ ಪಟ್ಟಿಯ ಒಂದು ಅಂಶ, ಪಿ ಕಂಡಿಕೆ ಅಂದರೆ ಪ್ಯಾರಾ; ಓರೆಗೆರೆಯಿರುವುದು ಮುಕ್ತಾಯದ ಟ್ಯಾಗ್):

<ಯುಎಲ್>
<ಎಲ್‌ಐ><ಪಿ>ಅಕ್ಕಿ ತೊಳೆಯಿರಿ
<ಎಲ್‌ಐ><ಪಿ>ಬೇಳೆ ಬೇಯಿಸಿ
</ಯುಎಲ್>

ಪಿಯನ್ನೂ ಮುಚ್ಚಿಲ್ಲ, ಎಲ್‌ಐಯನ್ನೂ ಮುಚ್ಚಿಲ್ಲ. ಆದರೂ ತಪ್ಪಲ್ಲ. ಎರಡನೆಯ ಎಲ್‌ಐ ಎದುರಾದ ಕೂಡಲೇ ಪಾರ್ಸರ್ (ಟ್ಯಾಗುಗಳನ್ನು ಓದಿ ಬಿಡಿಸುವ ತಂತ್ರಾಂಶ) ಮೊದಲು ಒಳಗಿನ ಪಿಯನ್ನು, ಆಮೇಲೆ ಹಿಂದಿನ ಎಲ್‌ಐಯನ್ನು ತಾನೇ ಮುಚ್ಚುತ್ತದೆ. ಬರೆಯದೆಯೂ ಇದೆಯೆಂದು ಎಣಿಸುವ ಆ ಮುಕ್ತಾಯದ ಟ್ಯಾಗಿಗೆ ಏನೆನ್ನೋಣ? ‘ಊಹಿತ’ ಎಂದು ಬರೆದು ಹೊಡೆದುಹಾಕಿದೆ; ಪಾರ್ಸರ್ ಊಹಿಸುವುದಿಲ್ಲ, ನಿಯಮ ಹೇಳಿದಂತೆ ನಡೆಯುತ್ತದೆ. ‘ಸೂಚಿತ’ವೂ ಹೊಂದಲಿಲ್ಲ, ಇಲ್ಲಿ ಸೂಚಿಸಿದವರು ಯಾರೂ ಇಲ್ಲ.

* * *

> ಬರೆಯದೆಯೂ ಇದೆಯೆಂದು ಎಣಿಸುವ

ಅಧ್ಯಾಹಾರ, ಅಂದರೆ ವಾಕ್ಯದಲ್ಲಿ ಹೇಳದ ಪದವನ್ನು ಇದೆಯೆಂದು ತಂದುಕೊಳ್ಳುವುದು. ಇದರಲ್ಲಿ ಚರ್ಚೆಗೆ ಏನಿದೆ? ‘ಅಧ್ಯಾಹೃತ ಮುಕ್ತಾಯ ಟ್ಯಾಗ್’ ಎಂದು ಬರೆದು ಮುಗಿಸಿ. ‘ಪಾರ್ಸ್’ ಎಂಬುದು ಹುಟ್ಟಿದ್ದೇ ಲ್ಯಾಟಿನ್ ವ್ಯಾಕರಣದಲ್ಲಿ. ‘ಪಾರ್ಸ್’ ಎಂದರೆ ಭಾಗ, ಅಂದರೆ ವಾಕ್ಯದ ಪದಗಳು ಯಾವ ಯಾವ ಭಾಗಕ್ಕೆ ಸೇರಿದವೆಂದು ಬಿಡಿಸುವುದು. ಅವರ ವ್ಯಾಕರಣದ ಪದಕ್ಕೆ ನಮ್ಮ ವ್ಯಾಕರಣದ ಪದ. ಸರಿಹೋಯಿತು.

* * *

> ಅಧ್ಯಾಹೃತ

ಓದುವ ಹುಡುಗರಿಗೆ ಊಟ ನೆನಪಾಗುತ್ತದೆ, ಅಷ್ಟೇ. ‘ಅಡಗು ಕೊನೆಗುರುತು’ ಎನ್ನಿ. ‘ಗುರುತು’ ಇರುವಾಗ ‘ಟ್ಯಾಗ್’ ಏಕೆ? ಕನ್ನಡಕ್ಕೆ ಪದ ಕಟ್ಟುವ ಕಸುವಿಲ್ಲವೆಂದು ತೀರ್ಮಾನಿಸಿದವರು ಯಾರು?

* * *

> ಅಡಗು ಕೊನೆಗುರುತು

ಹಳಗನ್ನಡದಲ್ಲಿ ಅಡಗು ಎಂದರೆ ಮಾಂಸ. ನಿಘಂಟನ್ನೊಮ್ಮೆ ತೆರೆಯಬಹುದಿತ್ತು.

ಪ್ರಶ್ನೆ ಕೇಳಿದವರಿಗೆ: ಇದು ಲೋಪದ ವಿಷಯ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆದಾಗ ಉಕಾರ ಬಿದ್ದುಹೋಗುತ್ತದೆ. ‘ಹಾಲು ಕುಡಿದ’ ಎನ್ನುವಾಗ ‘ಅನ್ನು’ ಕಾಣುವುದಿಲ್ಲ, ಆದರೂ ಹಾಲು ಕರ್ಮವೇ. ಹಾಲೇ ಎದ್ದು ಕುಡಿಯಿತೆಂದು ಯಾರೂ ತಿಳಿಯುವುದಿಲ್ಲ. ಲುಪ್ತೋಪಮೆ (ಅಂಗವೊಂದು ಬಿಟ್ಟುಹೋದ ಉಪಮೆ) ಓದಿದವರಿಗೆ ‘ಲುಪ್ತ’ ಹೊಸತಲ್ಲ. ‘ಲುಪ್ತ ಮುಕ್ತಾಯ ಟ್ಯಾಗ್’.

* * *

ನಾನು ಭಾಷೆ ಓದಿದವನಲ್ಲ, ಪಾರ್ಸರ್ ಬರೆಯುವವನು. ಮೇಷ್ಟರ ‘ಲುಪ್ತ’ ನನಗೆ ಹಿಡಿಸಿತು. ಆದರೆ ಪಾಠದ ಮುಂದಿನ ಪುಟದಲ್ಲಿ ಇಂಥದ್ದೊಂದು ಖಂಡಿತ ಬರುತ್ತದೆ, ಅಲ್ಲಿ ಆ ಪದ ಕೈಕೊಡುತ್ತದೆ:

<ಪಿ>ಬೇಕಾಗುವ ಸಾಮಾನು:
<ಯುಎಲ್><ಎಲ್‌ಐ>ಹುಣಸೆಹಣ್ಣು</ಯುಎಲ್>
</ಪಿ>

ಪಟ್ಟಿ ಪಿಯ ಒಳಗಿದೆ ಎಂದು ಬರೆದವರ ಎಣಿಕೆ. ಅದು ನಡೆಯುವುದಿಲ್ಲ. ಯುಎಲ್ ಬಂದೊಡನೆ ಪಿ ಮುಚ್ಚಿಹೋಯಿತು. ಕೊನೆಯಲ್ಲಿರುವ ಮುಕ್ತಾಯದ ಪಿಗೆ ಈಗ ಜೋಡಿಯಿಲ್ಲ. ಪಾರ್ಸರ್ ಅದನ್ನು ದೋಷವೆಂದು ಎಣಿಸುತ್ತದೆ, ಆದರೆ ಎಸೆಯುವುದಿಲ್ಲ. ಹೊಸದೊಂದು ಪಿಯನ್ನು ತೆರೆದು, ಅಲ್ಲೇ ಮುಚ್ಚಿ, ಖಾಲಿ ಕಂಡಿಕೆಯೊಂದನ್ನು ಪುಟದಲ್ಲಿ ಕೂರಿಸುತ್ತದೆ. ಜೋಡಿಯಿಲ್ಲದ ಎಲ್‌ಐ ಮುಕ್ತಾಯ ಬಂದರೆ ಮಾತ್ರ ಸುಮ್ಮನೆ ಬಿಟ್ಟುಬಿಡುತ್ತದೆ. ಎಲ್‌ಐಗಿಲ್ಲದ ಅಕ್ಕರೆ ಪಿಗೆ.

* * *

> ಹೊಸದೊಂದು ಪಿಯನ್ನು ತೆರೆದು

ಅದು ಲೋಪವಲ್ಲ ಸ್ವಾಮಿ, ಆಗಮ! ‘ಮನೆಯಲ್ಲಿ’ ಎಂಬಲ್ಲಿ ಯಕಾರ ಬಂದು ಕೂರುವುದಿಲ್ಲವೇ, ಹಾಗೆ. ಲೋಪ, ಆಗಮ ಎರಡನ್ನೂ ಮಾಡುವ ಯಂತ್ರಕ್ಕೆ ‘ಪಾರ್ಸರ್’ ಎಂಬ ಹೆಸರೇಕೆ? ‘ಸಂಧಿಕಾರ’ ಎನ್ನಿ.

* * *

ಪದ ಬಿಡಿಸುವುದಕ್ಕೆ ಸಂಧಿಕಾರನೇ? ಬೇಡ.

ಇಷ್ಟಕ್ಕೂ ಟ್ಯಾಗು ಬಿಡುವುದನ್ನು ಸೋಮಾರಿತನವೆಂದು ತಿಳಿಯಬೇಡಿ. ಎಚ್‌ಟಿಎಂಎಲ್‌ಗೆ ತಾಯಿಯಂತಿದ್ದ ಎಸ್‌ಜಿಎಂಎಲ್ 1986ರಲ್ಲಿ ಪ್ರಮಾಣವಾದಾಗಲೇ ಅದಕ್ಕೆ ಅವಕಾಶವಿತ್ತು. 2000ದಲ್ಲಿ ಬಂದ, ಎಚ್‌ಟಿಎಂಎಲ್‌ನದೇ ಕಟ್ಟುನಿಟ್ಟಿನ ರೂಪವಾದ ಎಕ್ಸ್‌ಎಚ್‌ಟಿಎಂಎಲ್ ‘ತೆರೆದದ್ದನ್ನೆಲ್ಲ ಮುಚ್ಚಲೇಬೇಕು’ ಎಂದು ಮಡಿ ಹಿಡಿಯಿತು. ಜನ ಕೇಳಲಿಲ್ಲ. ಇಲ್ಲಿನ ಅಚ್ಚಗನ್ನಡದವರನ್ನು ನೋಡಿದಾಗ ಅದೇ ನೆನಪಾಗುತ್ತದೆ.

* * *

> ಮಡಿ

ಮಹಾಪ್ರಾಣವಿಲ್ಲದೆ ಬಾಯಿ ತೆರೆಯದವರು ನಮಗೆ ಮಡಿಯ ಮಾತು ಹೇಳುತ್ತಿದ್ದಾರೆ. ‘ಬಿಟ್ಟ ಗುರುತು’ ಎಂದರೆ ಏನು ಕೊರತೆ? ಹಳ್ಳಿಯ ಹುಡುಗಿಗೂ ತಿಳಿಯುತ್ತದೆ. ‘ಲುಪ್ತ’ ತಿಳಿಯಬೇಕಾದರೆ ಅವಳು ಅಲಂಕಾರಶಾಸ್ತ್ರ ಓದಬೇಕು.

* * *

ಎಲ್ಲರಿಗೂ ಧನ್ಯವಾದ. ಅನುವಾದ ಕಳುಹಿಸಿದೆ. ಪರಿಭಾಷೆಯಾಗಿ ‘ಲುಪ್ತ ಮುಕ್ತಾಯ ಟ್ಯಾಗ್’ ಇಟ್ಟೆ. ಮೊದಲ ಬಾರಿ ಬಂದಲ್ಲಿ ‘ನಾವು ಬರೆಯದೆ ಬಿಟ್ಟರೂ ಪಾರ್ಸರ್ ಇದೆಯೆಂದೇ ಎಣಿಸುವ ಮುಕ್ತಾಯ ಟ್ಯಾಗ್’ ಎಂದು ಬಿಡಿಸಿ ಬರೆದೆ. ‘ಬಿಟ್ಟ’ ಅಲ್ಲಿ ಕೆಲಸಕ್ಕೆ ಬಂತು. ಜೋಡಿಯಿಲ್ಲದ ಪಿಯ ಪ್ರಸಂಗಕ್ಕೆ ಯಾವ ಹೆಸರನ್ನೂ ಕೊಡಲಿಲ್ಲ, ‘ಖಾಲಿ ಕಂಡಿಕೆ ಹುಟ್ಟುತ್ತದೆ’ ಎಂದಷ್ಟೇ ಬರೆದೆ.

* * *

> ಖಾಲಿ ಕಂಡಿಕೆ

ಖಾಲಿ ಅರಬ್ಬೀ. ‘ಬರಿದು’ ಇರಲಿಲ್ಲವೇ?

* * *

ಕಂಡಿಕೆಯೂ ಸಂಸ್ಕೃತದ್ದೇ. ಅದನ್ನೇಕೆ ಬಿಟ್ಟಿರಿ?

* * *

ನೇಕಾರರು ಲಾಳಿಗೆ ನೂಲು ಸುತ್ತಿಡುವ ಕಂಡಿಕೆ ಯಾವ ಸಂಸ್ಕೃತದ್ದು? ಬೇರೆ ಎಳೆ ತೆರೆಯುತ್ತೇನೆ, ಅಲ್ಲಿಗೆ ಬನ್ನಿ.